ಶ್ರೀ ಶೇಪ್‌ಫೈಲ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ತಾವು ಒಬ್ಬರೇ ಎಂದು ನಂಬಿದವರು ಇನ್ನೂ ಇದ್ದಾರೆ. ಬರೀ ಎಸ್‌ಎಚ್‌ಪಿ ಕಡತವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ‘ನಕ್ಷೆ ಹಾಕಿದ್ದೀನಿ, ನೋಡ್ಕೊಳ್ಳಿ ಸಾರ್’ ಎಂದು ಕೈತೊಳೆದುಕೊಳ್ಳುತ್ತಾರೆ. ತಮ್ಮದು ಅವಿಭಕ್ತ ಕುಟುಂಬವೆಂದು ಅವರಿಗೇನು ಗೊತ್ತು! ಆಕಾರ ಹೊತ್ತ ಎಸ್‌ಎಚ್‌ಪಿ ಯಜಮಾನರು, ಯಾವುದು ಎಲ್ಲಿದೆ ಎಂಬ ಲೆಕ್ಕದ ಎಸ್‌ಎಚ್‌ಎಕ್ಸ್, ಹೆಸರು-ಅಂಕಿಗಳ ಡಿಬಿಎಫ್, ಜೊತೆಗೆ ನಿರ್ದೇಶಾಂಕ ಪದ್ಧತಿ ಹೇಳುವ ಪಿಆರ್‌ಜೆ, ಅಕ್ಷರಗಳ ಎನ್‌ಕೋಡಿಂಗ್ ಹೇಳುವ ಸಿಪಿಜಿ. ಒಬ್ಬರು ಹಿಂದೆ ಉಳಿದರೂ ಮನೆಯ ಕಾರ್ಯ ಕೆಟ್ಟಿತು.

ತಮ್ಮ ಮಿತವ್ಯಯಕ್ಕೆ ದೊಡ್ಡ ನಮಸ್ಕಾರ. ಕಾಲಮ್ಮಿನ ಹೆಸರಿಗೆ ತಾವು ದಯಪಾಲಿಸುವುದು 10 ಬೈಟ್. ಇಂಗ್ಲಿಷಿನವರಿಗೇ ಅದು ಸಾಲದು. ರೋಮನ್ ಅಕ್ಷರಗಳಲ್ಲಿ ‘ಪಾಪ್ಯುಲೇಶನ್_2001’, ‘ಪಾಪ್ಯುಲೇಶನ್_2011’ ಎಂದು ಎರಡು ಕಾಲಮ್ ಇಟ್ಟು ಕ್ಯೂಜಿಐಎಸ್ ಎಂಬ ಮುಕ್ತ ನಕ್ಷಾ ತಂತ್ರಾಂಶದಲ್ಲಿ ತಮ್ಮ ರೂಪಕ್ಕೆ ಉಳಿಸಿದರೆ ಇಸವಿಗಳೆರಡೂ ಮಾಯ. ಎರಡನೆಯದರ ಬಾಲಕ್ಕೆ ‘_1’ ಅಂಟಿರುತ್ತದೆ. ಎರಡು ಜನಗಣತಿಗಳಲ್ಲಿ ಯಾವುದು ಯಾವುದೆಂದು ಓದುವವರೇ ಊಹಿಸಿಕೊಳ್ಳಬೇಕು. ಕನ್ನಡಕ್ಕಂತೂ ಯುಟಿಎಫ್-8ರಲ್ಲಿ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಕೊಂಬು, ದೀರ್ಘ, ಹಲಂತ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಬಾಡಿಗೆ. ಹಾಗಾಗಿ ‘ತಾಲ್ಲೂಕು’ ಎಂದು ಬರೆದರೆ ತಮ್ಮಲ್ಲಿ ಹಿಡಿಸುವುದು ‘ತಾಲ’. ‘ಜನಸಂಖ್ಯೆ’ ಬಂದರೆ ‘ಜನಸ’.

ಹೆಸರು ಹೋಗಲಿ, ಒಳಗಿನ ಮಾಹಿತಿಯಾದರೂ ಉಳಿಯಿತೇ? ಸಿಪಿಜಿ ತಪ್ಪಿಸಿಕೊಂಡ ದಿನ ಊರುಗಳ ಜಾಗದಲ್ಲಿ ತಲೆಗೆ ಗೀಟು ಹಾಕಿಕೊಂಡ ರೋಮನ್ ‘ಎ’ಗಳೂ ಪಕ್ಕದಲ್ಲಿ ಪುಟಾಣಿ 2, 3 ಅಂಕಿಗಳೂ ಸಾಲುಗಟ್ಟಿ ನಿಲ್ಲುತ್ತವೆ. ಪದರದ ಗುಣಲಕ್ಷಣಗಳಿಗೆ ಹೋಗಿ ಎನ್‌ಕೋಡಿಂಗನ್ನು ಯುಟಿಎಫ್-8 ಮಾಡಿದರೆ ಬಹುಪಾಲು ಸರಿಹೋಗುತ್ತದೆ. ಅಷ್ಟರಲ್ಲಿ ಯಾರೋ ಅದನ್ನು ಮುದ್ರಿಸಿ ಗೋಡೆಗೆ ಹಾಕಿರುತ್ತಾರೆ, ಬಿಡಿ.

ಪಿಆರ್‌ಜೆ ಕಳೆದುಹೋದಾಗಿನ ತಮಾಷೆಯೇ ಬೇರೆ. ಕ್ಯೂಜಿಐಎಸ್ ಪಾಪ, ಪದರದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಕೇಳುತ್ತದೆ. ನಮ್ಮವರು ಅಭ್ಯಾಸಬಲದಿಂದ ಡಿಗ್ರಿ ಲೆಕ್ಕದ ಪದ್ಧತಿಯ ಸಂಕೇತ 4326 ಎಂದು ಒತ್ತುತ್ತಾರೆ. ಆದರೆ ಕಡತದ ಅಂಕಿಗಳಿರುವುದು 32643ರ, ಅಂದರೆ ಯುಟಿಎಂ 43ನೇ ವಲಯದ ಮೀಟರುಗಳಲ್ಲಿ. ಬೆಂಗಳೂರಿನ ರೇಖಾಂಶ ಸುಮಾರು 7.8 ಲಕ್ಷ ಡಿಗ್ರಿ ಆಗುತ್ತದೆ. ಭೂಮಿ ತನ್ನ 360ರಲ್ಲೇ ತೃಪ್ತವಾಗಿದೆ. ಮೊಹರು ಬದಲಿಸುವುದಕ್ಕೂ ನಿರ್ದೇಶಾಂಕಗಳನ್ನು ನಿಜವಾಗಿ ಪರಿವರ್ತಿಸುವುದಕ್ಕೂ ವ್ಯತ್ಯಾಸವಿದೆಯೆಂದರೆ ‘ಸಾಫ್ಟ್‌ವೇರ್ ಪುಕ್ಕಟೆಯಲ್ವಾ, ಅದಕ್ಕೇ ಹೀಗೆ’ ಎಂಬ ಉತ್ತರ ಸಿಗುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ, ತಮ್ಮ ಒಳಗುಟ್ಟನ್ನು ಎಸ್ರಿ ಕಂಪನಿ 1998ರಲ್ಲಿ ಬಹಿರಂಗವಾಗಿ ಪ್ರಕಟಿಸಿದ್ದರಿಂದಲೇ ಮುಕ್ತ ತಂತ್ರಾಂಶಗಳಿಗೆ ತಮ್ಮನ್ನು ಓದುವುದು ಸುಲಭವಾಯಿತು. ಆ ಉಪಕಾರಕ್ಕೇ ಈಗಲೂ ಬಡ್ಡಿ ಕಟ್ಟುತ್ತಿದ್ದೇವೆ. ಎಲ್ಲವನ್ನೂ ಒಂದೇ ಕಡತದಲ್ಲಿ ಇಟ್ಟುಕೊಳ್ಳುವ ಜಿಯೋಪ್ಯಾಕೇಜ್ 2014ರಿಂದಲೇ ಮಾನ್ಯ ಮಾನಕ. 2018ರ ಕ್ಯೂಜಿಐಎಸ್ 3 ಉಳಿಸುವಾಗ ಅದನ್ನೇ ಮೊದಲು ಮುಂದಿಟ್ಟಿತು. ಆದರೂ ನಮ್ಮವರು ಪಟ್ಟಿ ಕೆಳಗೆ ಎಳೆದು, ಹುಡುಕಿ, ತಮ್ಮನ್ನೇ ಆರಿಸುತ್ತಾರೆ. ‘ಅವರು ಶೇಪ್‌ಫೈಲೇ ಕೇಳಿದ್ದಾರೆ’ ಎನ್ನುತ್ತಾರೆ. ಆ ‘ಅವರು’ ಯಾರೆಂದು ಕೇಳಿದರೆ ‘ನಮಗೂ ಮೇಲಿನವರೇ ಹೇಳಿದ್ದು’ ಎನ್ನುತ್ತಾರೆ.

ಆದ್ದರಿಂದ ತಾವೇ ದೊಡ್ಡ ಮನಸ್ಸು ಮಾಡಿ ನಿವೃತ್ತಿಯ ದಿನಾಂಕ ತಿಳಿಸಬೇಕು. ಗಂಟೆ-ನಿಮಿಷ ಬೇಡ, ತಮ್ಮ ದಿನಾಂಕದ ಕಾಲಮ್ಮಿನಲ್ಲಿ ಅದಕ್ಕೆ ಜಾಗವಿಲ್ಲವೆಂದು ಬಲ್ಲೆ.

ಇತಿ,
ತಮ್ಮ ನೊಂದ ಗ್ರಾಹಕ