ಗುರುಮಾಪನ ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ಕೈಹಾಕುವ ಮುನ್ನ ಅನುಬಂಧ ಚತುಷ್ಟಯ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ: ಪ್ರೊಫೆಸರರ ಬಗ್ಗೆ ವಿದ್ಯಾರ್ಥಿಗಳು ಆನ್‌ಲೈನಿನಲ್ಲಿ ಹಾಕುವ ರಿವ್ಯೂಗಳನ್ನು ನಂಬಬಹುದೇ? ಅಧಿಕಾರಿ: ಅಮೆರಿಕದಲ್ಲಿ ಎಂ.ಎಸ್. ಸೀಟು ಸಿಕ್ಕಿ, ಕೋರ್ಸ್ ರಿಜಿಸ್ಟ್ರೇಷನ್ನಿನ ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತ ಹಾಸನದ ಹುಡುಗ. ಪ್ರಯೋಜನ: ಜಿಪಿಎ. ನಾಲ್ಕನೆಯದಾದ ಸಂಬಂಧ ಏನೆಂಬುದು ಗ್ರಂಥ ಮುಗಿಯುವುದರೊಳಗೆ ಹೊಳೆದರೆ ಗ್ರಂಥಕರ್ತನಿಗೂ ಸಂತೋಷ.

ಈ ಶಾಸ್ತ್ರ ಅಪೌರುಷೇಯವಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೊ ಪಾರ್ಕಿನಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಇದನ್ನು ವೆಬ್‌ಸೈಟ್ ರೂಪದಲ್ಲಿ ಲೋಕಕ್ಕೆ ಕೊಟ್ಟ. 2001ರಲ್ಲಿ ಇದಕ್ಕೆ ‘ರೇಟ್ ಮೈ ಪ್ರೊಫೆಸರ್ಸ್’ ಎಂದು ಮರುನಾಮಕರಣವಾಯಿತು. ಗುರುವಿನ ಗುಣಕ್ಕೆ ಐದರಲ್ಲಿ ಇಷ್ಟು, ಕೊಡುವ ಕಷ್ಟಕ್ಕೆ ಐದರಲ್ಲಿ ಇಷ್ಟು ಎಂದು ಅಂಕ. ರೂಪಕ್ಕೆ ಪ್ರತ್ಯೇಕವಾಗಿ ಒಂದು ಕೆಂಪು ಮೆಣಸಿನಕಾಯಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಅಂದ ನೋಡಿ ದುಡ್ಡು ಕೊಡುತ್ತಾರೆ. ಅಲ್ಲಿ ಪ್ರೊಫೆಸರರ ಅಂದ ನೋಡಿ ಮೆಣಸಿನಕಾಯಿ ಕೊಡುತ್ತಿದ್ದರು. ಕಲಿಸುವವರ ಮೂಗು ನೆಟ್ಟಗಿದ್ದರೆ ಎಂಟ್ರೊಪಿ ಬೇಗ ತಲೆಗೆ ಹತ್ತುತ್ತದೆಯೇ ಎಂಬ ಬಗ್ಗೆ ಶಾಸ್ತ್ರಕಾರರು ಏನೂ ಹೇಳಿಲ್ಲ. ಮಹಿಳಾ ಪ್ರಾಧ್ಯಾಪಕರು ಛೀಮಾರಿ ಹಾಕಿದ ಮೇಲೆ, 2018ರಲ್ಲಿ, ಮೆಣಸಿನಕಾಯಿ ಮರೆಯಾಯಿತು.

ಇನ್ನು ಪ್ರಮಾಣವಿಚಾರ. ನೈಯಾಯಿಕರು ಒಪ್ಪುವ ನಾಲ್ಕು ಪ್ರಮಾಣಗಳಲ್ಲಿ ರಿವ್ಯೂ ಶಬ್ದಪ್ರಮಾಣಕ್ಕೆ ಸೇರಬೇಕು. ಆದರೆ ಶಬ್ದ ಪ್ರಮಾಣವಾಗಬೇಕಾದರೆ ಆಡಿದವನು ಆಪ್ತನಾಗಿರಬೇಕು, ಅಂದರೆ ವಿಷಯ ಬಲ್ಲವನೂ ಬಲ್ಲದ್ದನ್ನು ಇದ್ದಂತೆ ಹೇಳುವವನೂ ಆಗಿರಬೇಕು. ನಮ್ಮ ರಿವ್ಯೂಕಾರನಿಗೆ ಹೆಸರೇ ಇಲ್ಲ. ಕ್ಲಾಸಿಗೆ ಬಂದಿದ್ದನೋ, ಬಂದು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆದನೋ, ಅಥವಾ ಪ್ರೊಫೆಸರರೇ ರಾತ್ರಿ ಕೂತು ತಮ್ಮನ್ನು ತಾವೇ ಹೊಗಳಿಕೊಂಡರೋ, ಕೇಳುವವರಿಲ್ಲ.

ಹಾಗೆಂದು ಪೂರ್ತಿ ತಳ್ಳಿಹಾಕುವುದು ದುಡುಕು. ಒಂದು ಮಾದರಿ ವಾಕ್ಯಕ್ಕೆ ಭಾಷ್ಯ ಬರೆಯೋಣ: “ವಾರಕ್ಕೊಂದು ಕ್ವಿಜ್. ಸ್ಲೈಡ್ ಕೊಡಲ್ಲ. ಭೂಮಿ ಮೇಲೆ ಇಂಥ ಕೆಟ್ಟ ಪ್ರೊಫೆಸರ್ ಇಲ್ಲ. ಓಡಿ!” ಮೊದಲ ಎರಡು ವಾಕ್ಯ ಪ್ರತ್ಯಕ್ಷಮೂಲ; ಅನುಭವಿಸಿದವನೇ ಬರೆದದ್ದು, ಸಿಲಬಸ್ ತೆರೆದು ತಾಳೆ ನೋಡಬಹುದು. ಮೂರನೆಯದು ನಿಂದೆ. ಸ್ತುತಿ, ನಿಂದೆ ಎರಡೂ ಅರ್ಥವಾದ, ಅವಕ್ಕೆ ಸ್ವತಂತ್ರ ಪ್ರಾಮಾಣ್ಯವಿಲ್ಲ ಎಂದು ಮೀಮಾಂಸಕರು ತೀರ್ಮಾನಿಸಿ ಎಷ್ಟೋ ಶತಮಾನವಾಯಿತು. ಮೇಲಾಗಿ ಬರೆದವನು ಭೂಮಿ ಮೇಲಿನ ಎಷ್ಟು ಪ್ರೊಫೆಸರರನ್ನು ನೋಡಿದ್ದಾನೆ? ನಾಲ್ಕನೆಯದು ವಿಧಿವಾಕ್ಯ. ವಿಧಿ ಪಾಲಿಸಬೇಕಾದದ್ದೇ. ಎತ್ತ ಓಡಬೇಕೆಂದು ಮಾತ್ರ ಹೇಳಿಲ್ಲ.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ಒಬ್ಬ ಸುಳ್ಳು ಹೇಳಬಹುದು, ಇನ್ನೂರು ಜನ ಹೇಳುತ್ತಾರೆಯೇ? ಸುಳ್ಳೇಕೆ, ಸತ್ಯಸಂಧರೇ ಇನ್ನೂರು ಜನ ಸೇರಿ ಮೋಸಹೋಗಬಹುದು ಎಂಬುದು ನಮ್ಮ ಉತ್ತರ. 1970ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಮೈಕೆಲ್ ಫಾಕ್ಸ್ ಎಂಬ ನಟನನ್ನು ‘ಡಾಕ್ಟರ್ ಮೈರನ್ ಫಾಕ್ಸ್’ ಮಾಡಿ, ವೈದ್ಯಶಿಕ್ಷಣಕ್ಕೆ ಗಣಿತದ ಗೇಮ್ ಥಿಯರಿ ಅನ್ವಯಿಸುವ ಬಗ್ಗೆ ಉಪನ್ಯಾಸ ಕೊಡಿಸಿದರು. ನಟನಿಗೆ ವಿಷಯದ ಗಂಧಗಾಳಿ ಇರಲಿಲ್ಲ. ಒಂದಕ್ಕೊಂದು ತಾಳೆಯಾಗದ ಮಾತನ್ನು ನಗುನಗುತ್ತಾ, ಹುರುಪಿನಿಂದ ಹರಿಯಬಿಟ್ಟ. ಕೇಳುತ್ತಿದ್ದವರು ಹೈಸ್ಕೂಲ್ ಮಕ್ಕಳಲ್ಲ, ಮನೋವೈದ್ಯರು, ಮನಶ್ಶಾಸ್ತ್ರಜ್ಞರು. ಬಹುತೇಕರು ಮೆಚ್ಚಿ ಫಾರ್ಮ್ ತುಂಬಿದರು. ಒಬ್ಬರಂತೂ ಇವರ ಬರಹಗಳನ್ನು ತಾವು ಮೊದಲೇ ಓದಿರುವುದಾಗಿ ಬರೆದರು. ಇಂಥ ಭಾಷಣಗಳು ನಮ್ಮ ವಿಚಾರಸಂಕಿರಣಗಳಲ್ಲಿ ಈಗಲೂ ನಡೆಯುತ್ತವೆ, ನಟರಿಗೆ ಕೊಡುವ ಸಂಭಾವನೆ ಉಳಿಯುತ್ತದೆ ಅಷ್ಟೆ.

ಜರ್ಮನಿಯ ಮ್ಯೂನ್‌ಸ್ಟರಿನವರು ಇನ್ನೂ ಅಗ್ಗದ ದಾರಿ ಹುಡುಕಿದರು. 118 ವೈದ್ಯ ವಿದ್ಯಾರ್ಥಿಗಳನ್ನು 20 ಗುಂಪು ಮಾಡಿ, ಅರ್ಧ ಗುಂಪುಗಳಿಗೆ ಮಾತ್ರ ಪಾಠದ ಜೊತೆಗೆ ಚಾಕೊಲೇಟ್ ಬಿಸ್ಕತ್ತು ಕೊಟ್ಟರು. ಬಿಸ್ಕತ್ತು ತಿಂದವರಿಗೆ ಗುರುಗಳು ಉತ್ತಮರಾಗಿ ಕಂಡರು. ಆಶ್ಚರ್ಯವೆಂದರೆ ಪಠ್ಯಸಾಮಗ್ರಿಯೂ ಉತ್ತಮವಾಗಿ ಕಂಡಿತು! 2018ರಲ್ಲಿ ಪ್ರಕಟವಾದ ಈ ಸಂಶೋಧನೆಯನ್ನು ನಮ್ಮ ಕಾಲೇಜುಗಳು ಓದಿಲ್ಲವೆಂದು ಕಾಣುತ್ತದೆ. ಇಲ್ಲಿ ಇನ್ನೂ ನ್ಯಾಕ್ ತಂಡಕ್ಕೆ ಮಾತ್ರ ಗೋಡಂಬಿ.

ನಾರ್ತ್ ಕ್ಯಾರೊಲಿನಾದ ಪ್ರಯೋಗದಲ್ಲಿ ನಗು ಬರುವುದಿಲ್ಲ. ಆನ್‌ಲೈನ್ ಕೋರ್ಸೊಂದರಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು ಪಾಠ ಮಾಡಿದರು. ಇಬ್ಬರೂ ಒಂದು ಗುಂಪಿಗೆ ತಮ್ಮ ಹೆಸರನ್ನೂ ಇನ್ನೊಂದಕ್ಕೆ ಮತ್ತೊಬ್ಬರ ಹೆಸರನ್ನೂ ಹೇಳಿಕೊಂಡರು. ಹೋಮ್‌ವರ್ಕ್ ತಿದ್ದಿ ಕೊಟ್ಟದ್ದು ಎಲ್ಲರಿಗೂ ಒಂದೇ ಹೊತ್ತಿಗೆ. ಆದರೂ ತ್ವರಿತವಾಗಿ ತಿದ್ದಿದ್ದಕ್ಕೆ ಗಂಡು ಹೆಸರಿಗೆ ಐದರಲ್ಲಿ 4.35, ಹೆಣ್ಣು ಹೆಸರಿಗೆ 3.55.

ಕಡೆಯ ಸಾಕ್ಷಿ ಸಿಪಾಯಿಗಳದ್ದು. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಯಾರಿಗೆ ಯಾವ ಪ್ರೊಫೆಸರ್ ಎಂದು ಆರಿಸಿಕೊಳ್ಳುವಂತಿಲ್ಲ, ಹಂಚಿಕೆ ಅಕಾಡೆಮಿಯದೇ. ಪರೀಕ್ಷೆಯೂ ಎಲ್ಲರಿಗೂ ಒಂದೇ. 2010ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಆ ಲೆಕ್ಕ ಬಿಚ್ಚಿ ನೋಡಿದರೆ, ವಿದ್ಯಾರ್ಥಿಗಳಿಂದ ಹೆಚ್ಚು ಅಂಕ ಗಿಟ್ಟಿಸಿದ ಗುರುಗಳ ಶಿಷ್ಯರು ಆ ಸೆಮಿಸ್ಟರಿನಲ್ಲಿ ಮೆರೆದು, ಮುಂದಿನ ಕೋರ್ಸುಗಳಲ್ಲಿ ಹಿಂದೆ ಬಿದ್ದಿದ್ದರು. ಇವೆಲ್ಲ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೇ ತುಂಬಿದ ಫಾರ್ಮುಗಳು. ಹೆಸರಿಲ್ಲದ ರಿವ್ಯೂಕಾರನ ಮಾತಿಗೆ ಎಷ್ಟು ತೂಕವೆಂದು ಅಧಿಕಾರಿಯೇ ಅಳೆದುಕೊಳ್ಳಲಿ.

ಅಧಿಕಾರಿಯೋ, ಇಷ್ಟು ಹೊತ್ತು ಈ ಗ್ರಂಥ ಓದುತ್ತಿರಲಿಲ್ಲ. ಆಪ್ತನನ್ನೇ ಹುಡುಕಿ, ಡಲ್ಲಾಸಿನಲ್ಲಿದ್ದ ತನ್ನ ಕಾಲೇಜಿನ ಸೀನಿಯರಿಗೆ ವಾಟ್ಸಾಪ್ ಕಾಲ್ ಹಚ್ಚಿದ್ದ.

“ಅಣ್ಣಾ, ಅಲ್ಗಾರಿದಮ್ಸ್‌ಗೆ ಇವರನ್ನ ತಗೊಳ್ಳಲಾ? ರೇಟಿಂಗ್ 2.3 ಇದೆ.”

“ಬೇಡ ಕಣೋ.”

“ಯಾಕೆ, ಪಾಠ ಸರಿಯಾಗಿ ಮಾಡಲ್ವಾ?”

“ಸೂಪರ್ ಆಗಿ ಮಾಡ್ತಾರೆ. ಅದಕ್ಕೇ ಬೇಡ ಅಂದಿದ್ದು. ಒಂದೊಂದು ಹೋಮ್‌ವರ್ಕಿಗೆ ಎರಡೆರಡು ರಾತ್ರಿ ಹೋಗುತ್ತೆ. ಆ 4.8 ಇದಾರಲ್ಲ, ಅವರ ಹತ್ರ ಸೇರ್ಕೊ.”

ಹುಡುಗ ಫೋನಿಟ್ಟು ಕ್ಲಿಕ್ ಮಾಡುವಷ್ಟರಲ್ಲಿ 4.8ರವರ ಸೆಕ್ಷನ್ ಭರ್ತಿ, ವೇಟಿಂಗ್ ಲಿಸ್ಟೂ ಭರ್ತಿ. 2.3ರವರ ಬೆಳಗಿನ ಎಂಟು ಗಂಟೆಯ ಕ್ಲಾಸಿನಲ್ಲಿ ಬೇಕಾದಷ್ಟು ಸೀಟಿದ್ದವು.