'ಎಲ್ಲಿವರೆಗೆ?': ರೈಲುಚಿತ್ರಗಳ ತಾತ್ವಿಕ ನೆಲೆಗಳು, ಒಂದು ಅಧ್ಯಯನ

ಕನ್ನಡದಲ್ಲಿ ಷಟ್ಪದಿಯ ಮೇಲೆ ಅಧ್ಯಯನ ನಡೆದಿದೆ, ಒಗಟುಗಳ ಮೇಲೆ ನಡೆದಿದೆ, ಕಡಲೆಕಾಯಿ ಪರಿಷೆಯ ಮೇಲೂ ಯಾರಾದರೂ ಮಾಡಿಯೇ ಇರಬೇಕು. ಆದರೆ ರೈಲಿನೊಳಗೆ ನಡೆಯುವ ಸಿನಿಮಾಗಳನ್ನು ರೈಲಿನೊಳಗೇ ಕೂತು ನೋಡಿ ಬರೆದ ಪ್ರಬಂಧ ಪ್ರಸ್ತುತ ಸಂಶೋಧಕನ ಗಮನಕ್ಕೆ ಬಂದಿಲ್ಲ. ಬಂದಿದ್ದರೆ ಇದನ್ನು ಬರೆಯುವ ಶ್ರಮ ಉಳಿಯುತ್ತಿತ್ತು. ಈ ಕೊರತೆ ನೀಗಿಸಲು ಆತ ಸ್ವಂತ ಖರ್ಚಿನಲ್ಲಿ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾತ್ರಿ ರೈಲಿನಲ್ಲಿ, ಆರ್‌ಎಸಿ ಟಿಕೆಟ್ಟಿನ ಮೇಲೆ ಕ್ಷೇತ್ರಕಾರ್ಯ ನಡೆಸಿದ್ದಾನೆ. ಆರ್‌ಎಸಿ ಎಂದರೆ ಸೈಡ್ ಲೋವರ್‌ನಲ್ಲಿ ಅರ್ಧ ಸೀಟು. ಹಾಗಾದರೆ ಇಲ್ಲಿನ ತೀರ್ಮಾನಗಳೂ ಅರ್ಧವೇ ಎಂದು ಕೆಲವರು ಆಕ್ಷೇಪಿಸಬಹುದು. ಅಂಥವರಿಗೆ ಕನ್ಫರ್ಮ್ ಟಿಕೆಟ್ ಸಿಕ್ಕಿರಬೇಕು.

ಮೊದಲು ಲಕ್ಷಣ. 'ರೈಲು ಇರುವ ಚಿತ್ರವೇ ರೈಲುಚಿತ್ರ' ಎಂದುಬಿಟ್ಟರೆ ತರ್ಕಶಾಸ್ತ್ರದವರು ಸುಮ್ಮನಿರುವವರಲ್ಲ, ಅತಿವ್ಯಾಪ್ತಿ ದೋಷ ಬಂತು ಎನ್ನುತ್ತಾರೆ. 'ಶೋಲೆ' (1975) ತೆಗೆದುಕೊಳ್ಳಿ. ರೈಲು ಬಂದು ನಿಲ್ಲುವಲ್ಲಿ ಶುರುವಾಗಿ ರೈಲು ಹೊರಡುವಲ್ಲಿ ಮುಗಿಯುತ್ತದೆ. ಗೂಡ್ಸ್ ರೈಲಿನ ಮೇಲೆ ಡಕಾಯಿತರ ದಾಳಿಯೂ ಇದೆ. ಆದರೆ ನಡುವಿನ ಹೊತ್ತೆಲ್ಲ ಗಬ್ಬರ್‌ನ ಖಾತೆಗೆ ಹೋಗುತ್ತದೆ. ಇಲ್ಲಿ ಒಂದು ಪ್ರಾದೇಶಿಕ ಅನ್ಯಾಯವನ್ನೂ ದಾಖಲಿಸಬೇಕು. ಚಿತ್ರದ ಹಳ್ಳಿ ರಾಮಗಢದ ಸೆಟ್ಟು ಹಾಕಿದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಬೆಂಗಳೂರು–ಮೈಸೂರು ರೈಲು ಆ ಊರನ್ನು ಹಾದೇ ಹೋಗುತ್ತದೆ. ಆದರೂ ದರೋಡೆಯ ದೃಶ್ಯ ಚಿತ್ರೀಕರಿಸಿದ್ದು ಮುಂಬಯಿ–ಪುಣೆ ಮಾರ್ಗದಲ್ಲಿ, ಪನ್ವೇಲ್ ಹತ್ತಿರ. ಬಂಡೆ ನಮ್ಮದು, ರೈಲು ಅವರದು. ಇದನ್ನು ಗಡಿವಿವಾದದ ಕಡತಕ್ಕೆ ಸೇರಿಸಬೇಕೋ ಬೇಡವೋ ಎಂಬುದನ್ನು ತಜ್ಞರು ನೋಡಿಕೊಳ್ಳಲಿ.

'ದಿಲ್ ಸೇ' (1998) ಚಿತ್ರದ ನೀಲಗಿರಿ ರೈಲಿನ ಹಾಡನ್ನು ಬಿಡುವುದು ಹೇಗೆ ಎಂದು ರಸಿಕರು ಕೇಳುತ್ತಾರೆ. ಶಾಸ್ತ್ರ ನಿಷ್ಠುರವಾದದ್ದು. ಆ ಹಾಡಿರುವುದು ರೈಲಿನ ಒಳಗಲ್ಲ, ರೈಲಿನ ಮೇಲೆ. 1989ರ ರೈಲ್ವೆ ಕಾಯ್ದೆಯ 156ನೇ ಕಲಮಿನ ಪ್ರಕಾರ ಚಾವಣಿಯ ಮೇಲೆ ಪ್ರಯಾಣಿಸಿದವರಿಗೆ 3 ತಿಂಗಳವರೆಗೆ ಸೆರೆವಾಸ, ಇಲ್ಲವೇ 500 ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಹಾಡು ಎಷ್ಟೇ ಚೆನ್ನಾಗಿದ್ದರೂ ಸಂಶೋಧಕ ಅದಕ್ಕೆ ಜಾಮೀನು ಕೊಡಲಾರ. 'ಆರಾಧನಾ' (1969) ಇನ್ನೂ ತೊಡಕಿನದು. ನಾಯಕಿ ಡಾರ್ಜಿಲಿಂಗ್ ರೈಲಿನೊಳಗಿದ್ದಾಳೆ, ನಾಯಕ ಪಕ್ಕದ ರಸ್ತೆಯಲ್ಲಿ ಜೀಪಿನಲ್ಲಿದ್ದಾನೆ. ಅರ್ಧ ರೈಲು, ಅರ್ಧ ರಸ್ತೆ. ಇದನ್ನು ಆರ್‌ಎಸಿ ವರ್ಗದಲ್ಲಿಡಲಾಗಿದೆ.

ಲಕ್ಷಣವನ್ನು ಬಿಗಿ ಮಾಡಹೊರಟರೆ ಅವ್ಯಾಪ್ತಿ. ಕುರೊಸಾವಾನ 'ಹೈ ಅಂಡ್ ಲೋ' (1963) ಬಹುಪಾಲು ಮನೆ, ಬೀದಿಗಳಲ್ಲೇ ನಡೆಯುತ್ತದೆ. ಆದರೆ ಅಪಹರಣಕಾರ ಒತ್ತೆಹಣದ ಚೀಲವನ್ನು ಓಡುವ ಎಕ್ಸ್‌ಪ್ರೆಸ್ಸಿನಿಂದ ಎಸೆಯಲು ಹೇಳುತ್ತಾನೆ, ಅದೂ ಶೌಚದ ಕೋಣೆಯ ಕಿಟಕಿಯಿಂದ. ರೈಲಿನಲ್ಲಿ ತೆರೆಯುವ ಕಿಟಕಿ ಅದೊಂದೇ, ತೆರೆಯುವುದು 7 ಸೆಂಟಿಮೀಟರ್ ಮಾತ್ರ. ಚೀಲದ ದಪ್ಪವನ್ನು ಅದಕ್ಕೆ ತಕ್ಕಂತೆ ಮೊದಲೇ ನಿಗದಿ ಮಾಡಿರುತ್ತಾನೆ. ಜಗತ್ತಿನ ಇಷ್ಟೊಂದು ರೈಲುಚಿತ್ರಗಳಲ್ಲಿ ಬೋಗಿಯ ಆ ಮೂಲೆಗೆ ಇಷ್ಟು ಗೌರವ ಕೊಟ್ಟವರು ವಿರಳ. ವಿಶೇಷ ಪ್ರಕರಣವೆಂದು ಪರಿಗಣಿಸಿ ಒಳಗೆ ಬಿಟ್ಟುಕೊಂಡಿದ್ದೇವೆ.

ಕೊನೆಗೆ ನಿಂತ ಲಕ್ಷಣ ಇದು: ಕಥೆ ಮುಗಿಯುವ ಮುನ್ನ ಯಾರಿಗೆ ಇಳಿದುಹೋಗಲು ಬರುವುದಿಲ್ಲವೋ, ಎದುರು ಸೀಟಿನವರಿಂದ ಯಾರಿಗೆ ತಪ್ಪಿಸಿಕೊಳ್ಳಲು ಬರುವುದಿಲ್ಲವೋ, ಅಂಥವರ ಚಿತ್ರವೇ ರೈಲುಚಿತ್ರ.

ಇನ್ನು ಉಗಮ. ಲೂಮಿಯೇರ್ ಸಹೋದರರು ಫ್ರಾನ್ಸಿನ ಲಾ ಸಿಯೋಟಾ ನಿಲ್ದಾಣಕ್ಕೆ ರೈಲು ಬರುವುದನ್ನು ಸುಮಾರು 50 ಸೆಕೆಂಡು ಚಿತ್ರಿಸಿದರು. ಪರದೆಯ ಮೇಲೆ ರೈಲು ಕಂಡು ಜನ ಕುರ್ಚಿ ಬಿಟ್ಟು ಓಡಿದರೆಂದು ದಂತಕಥೆ. ಚರಿತ್ರಕಾರರು ಅದನ್ನು ಅಷ್ಟಾಗಿ ನಂಬುವುದಿಲ್ಲ. ರೈಲಿನ ಆಗಮನದ ಚಿತ್ರ 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಒಂದು ರೂಪಾಯಿ ಟಿಕೆಟ್ಟಿಗೆ ಪ್ರದರ್ಶನಗೊಂಡಿತು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿ ಆಗಲೇ 43 ವರ್ಷ. 43 ವರ್ಷ ರೈಲು ಹತ್ತಿದ ಜನ ರೈಲು ಬಂದರೆ ಹಿಂದಕ್ಕೆ ಓಡುತ್ತಾರೆಯೇ? ಮುಂದಕ್ಕೆ ಓಡುತ್ತಾರೆ. ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆಯುತ್ತಾರೆ. ಅಂದು ಪರದೆಯ ಮೇಲೆ ಟವೆಲ್ ಬೀಳಲಿಲ್ಲವೆಂದರೆ ಕಾರಣ ಒಂದೇ: 1896ರಲ್ಲಿ ಆಟ ನೋಡಲು ಒಂದು ರೂಪಾಯಿ ಕೊಡಬಲ್ಲವರು ಸೀಟಿಗೆ ಟವೆಲ್ ಹಾಕುವವರಾಗಿರಲಿಲ್ಲ. ಇದನ್ನೇ ವಿದ್ವಾಂಸರು ವರ್ಗಪ್ರಜ್ಞೆ ಎನ್ನುತ್ತಾರೆ.

ಈಗ ಮುಖ್ಯ ಸಿದ್ಧಾಂತ. ನಮ್ಮ ರೈಲು ಪ್ಲಾಟ್‌ಫಾರ್ಮ್ ದಾಟುವ ಮೊದಲೇ, ನೀವಿನ್ನೂ ಬಗ್ಗಿ ಸೂಟ್‌ಕೇಸಿಗೆ ಚೈನು ಬಿಗಿಯುತ್ತಿರುವಾಗಲೇ, ತಲೆಯ ಮೇಲಿಂದ ಒಂದು ದನಿ ಬರುತ್ತದೆ: 'ಎಲ್ಲಿವರೆಗೆ?' ಎದ್ದು ಕೂತ ಮೇಲೆ 'ಯಾವೂರಾಯ್ತು ತಮ್ಮದು?' ತಿಂಡಿಯ ಡಬ್ಬಿ ಬಿಚ್ಚುವ ಹೊತ್ತಿಗೆ 'ಏನ್ ಕೆಲಸ ಮಾಡ್ಕೊಂಡಿದೀರಿ?' ಇದಕ್ಕೆ ಪ್ರಶ್ನತ್ರಯವೆಂದು ಹೆಸರು. ನಾಲ್ಕನೆಯದೂ ಒಂದಿದೆ. ಅದನ್ನು ನೇರವಾಗಿ ಕೇಳುವುದಿಲ್ಲ. 'ನಿಮ್ಮಲ್ಲಿ ಈರುಳ್ಳಿ ನಡೆಯುತ್ತಲ್ಲ?' ಎಂದು ಸುತ್ತಿ ಬಳಸಿ ಬರುತ್ತಾರೆ. ಅದು ಬೇರೆಯದೇ ಪ್ರಬಂಧ, ಬರೆಯುವವರಿಗೆ ಧೈರ್ಯ ಬೇಕು.

ಪಾಶ್ಚಾತ್ಯ ರೈಲುಚಿತ್ರದಲ್ಲಿ ಈ ಮೂರನ್ನೂ ಯಾರೂ ಕೇಳುವುದಿಲ್ಲ. ಕೇಳಬೇಕಾದರೆ ಮೊದಲು ಒಂದು ಹೆಣ ಬೀಳಬೇಕು.

ಹಿಚ್‌ಕಾಕ್‌ನ 'ಸ್ಟ್ರೇಂಜರ್ಸ್ ಆನ್ ಎ ಟ್ರೇನ್' (1951) ಶುರುವಾಗುವುದು ಬೂಟುಗಳಿಂದ. ಟ್ಯಾಕ್ಸಿಯಿಂದ ಒಂದು ಜೊತೆ ಇಳಿಯುತ್ತದೆ, ಎರಡು ಬಣ್ಣದ ಜಂಬದ ಬೂಟು. ಇನ್ನೊಂದು ಟ್ಯಾಕ್ಸಿಯಿಂದ ಇನ್ನೊಂದು ಜೊತೆ, ಸಾದಾ. ಮುಖಗಳು ಕಾಣುವುದಿಲ್ಲ. ಬೂಟುಗಳೇ ಸ್ಟೇಷನ್ನು ದಾಟಿ, ಬೋಗಿ ಹತ್ತಿ, ಎದುರುಬದುರು ಕೂರುತ್ತವೆ. ಸಾದಾ ಬೂಟಿನವನು ಕಾಲ ಮೇಲೆ ಕಾಲು ಹಾಕುವಾಗ ತುದಿ ಎದುರಿನವನ ಬೂಟಿಗೆ ತಗಲುತ್ತದೆ. ಅಷ್ಟೇ. ಅಲ್ಲಿಂದ ಮುಂದೆ ನನ್ನ ಪರವಾಗಿ ನೀನು ಕೊಲ್ಲು, ನಿನ್ನ ಪರವಾಗಿ ನಾನು ಕೊಲ್ಲುತ್ತೇನೆ ಎಂಬ ಅದಲುಬದಲು ವ್ಯವಹಾರ. ಇಬ್ಬರೂ ಅಪರಿಚಿತರು, ಹಾಗಾಗಿ ಪೊಲೀಸರಿಗೆ ಸುಳಿವು ಸಿಗದು ಎಂಬುದೇ ಇದರ ಜೀವ.

ನಮ್ಮಲ್ಲಿ ಕಾಲು ತಗುಲಿದ ತಕ್ಷಣ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಎದುರಿನವರು 'ಪರವಾಗಿಲ್ಲ ಬಿಡಿ, ಎಲ್ಲಿವರೆಗೆ?' ಎನ್ನುತ್ತಾರೆ. ತುಮಕೂರು ದಾಟುವುದರೊಳಗೆ ಇಬ್ಬರೂ ಭದ್ರಾವತಿ ಕಡೆಯಿಂದ ದೂರದ ನೆಂಟರೆಂದು ಗೊತ್ತಾಗುತ್ತದೆ. ನೆಂಟರ ಹೆಂಡತಿಯನ್ನು ಕೊಲ್ಲುವುದು ಅಷ್ಟು ಸುಲಭವಲ್ಲ, ತಿಥಿಗೆ ಹೋಗಬೇಕಾಗುತ್ತದೆ. ಗಮನಿಸಬೇಕಾದ ಸೂಕ್ಷ್ಮ ಇನ್ನೊಂದಿದೆ. ಖಳನಾಯಕ ಬ್ರೂನೋ ಎದುರಿನವನ ಊರು, ಕಸುಬು ಒಂದನ್ನೂ ವಿಚಾರಿಸಬೇಕಾಗಿಲ್ಲ. ಪೇಪರು ಓದಿ ಎಲ್ಲ ತಿಳಿದುಕೊಂಡೇ ಬಂದಿದ್ದಾನೆ. ಎಲ್ಲ ಕೇಳುವ ಸಹಪ್ರಯಾಣಿಕ ಕಿರಿಕಿರಿ, ನಿಜ. ಕೇಳದೆಯೇ ಎಲ್ಲ ಗೊತ್ತಿರುವವನ ಹತ್ತಿರ ಮಾತ್ರ ಲಗೇಜು ಬಿಟ್ಟು ಹೋಗಬೇಡಿ.

ಅಗಾಥಾ ಕ್ರಿಸ್ಟಿಯ 1934ರ ಕಾದಂಬರಿಯಿಂದ ಸಿಡ್ನಿ ಲ್ಯೂಮೆಟ್ ಮಾಡಿದ 'ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್' (1974) ಈ ವಾದಕ್ಕೆ ಬಲವಾದ ಸಾಕ್ಷಿ. ಹೆಣ ಬಿತ್ತು. ರೈಲು ಹಿಮದಲ್ಲಿ ಸಿಕ್ಕಿಕೊಂಡಿತು. ನಮ್ಮ ಪರಿಭಾಷೆಯಲ್ಲಿ ಕ್ರಾಸಿಂಗ್‌ಗೆ ನಿಂತಿತು. ಆಮೇಲೆ ಪತ್ತೇದಾರ ಪ್ವಾರೋ ಒಬ್ಬೊಬ್ಬರನ್ನೇ ಕರೆದು ಯಾವೂರು, ಏನು ಕೆಲಸ, ಎಲ್ಲಿಗೆ ಪ್ರಯಾಣ ಎಂದು ವಿಚಾರಿಸುತ್ತಾನೆ. ಅದೇ ಪೂರಾ ಸಿನಿಮಾ. ಇಂಗ್ರಿಡ್ ಬರ್ಗ್‌ಮನ್ ಅವನ ಪ್ರಶ್ನೆಗಳಿಗೆ ಒಂದೇ ದೀರ್ಘ ಶಾಟಿನಲ್ಲಿ ತಡವರಿಸುತ್ತ ಉತ್ತರಿಸುತ್ತಾರೆ. ಆ ಪಾತ್ರಕ್ಕೆ ಆಸ್ಕರ್ ಬಂತು. ಅರಸೀಕೆರೆ ಬರುವಷ್ಟರಲ್ಲಿ ಇದಕ್ಕಿಂತ ಹೆಚ್ಚು ಉತ್ತರ ಕೊಟ್ಟವರನ್ನು ಸಂಶೋಧಕ ಬಲ್ಲ, ಅವರಿಗೆ ಒಂದು ಲೋಟ ಟೀ ಕೂಡ ಸಿಗಲಿಲ್ಲ. ಕೊಲೆಗಾರ ಯಾರೆಂದು ಹೇಳುವುದು ಸಂಶೋಧನಾ ನೀತಿಗೆ ವಿರುದ್ಧ. ನೋಡದವರು ಯಾರನ್ನು ಬೇಕಾದರೂ ಅನುಮಾನಿಸಿ, ತಪ್ಪಾಗುವುದಿಲ್ಲ.

ಇನ್ನು ಕ್ಷೇತ್ರಕಾರ್ಯದ ವರದಿ. ಆಯ್ದುಕೊಂಡ ಪಠ್ಯ 'ದಿ ಲೇಡಿ ವ್ಯಾನಿಶಸ್' (1938), ಇದೂ ಹಿಚ್‌ಕಾಕನದೇ. ಉಪಕರಣ ಒಂದು ಮೊಬೈಲು. ಸೀಟಿನ ಇನ್ನರ್ಧದಲ್ಲಿ ಒಬ್ಬ ಹುಡುಗ ನಿದ್ದೆ ಹೋಗಿದ್ದ, ಅವನ ಕಾಲು ನನ್ನ ಅರ್ಧದಲ್ಲಿತ್ತು. ಎದುರಿನ ಲೋವರ್ ಬರ್ತಿನಲ್ಲಿ ಹಾವೇರಿಗೆ ಹೊರಟಿದ್ದ ಒಬ್ಬ ಅಜ್ಜಿ. ಕಿವಿಯಲ್ಲಿ ಇಯರ್‌ಫೋನ್ ಇದ್ದರೂ ಅದು ನನಗೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

"ಏನ್ ನೋಡಾಕತ್ತೀಪಾ?"

"ಹಳೇ ಇಂಗ್ಲಿಷ್ ಸಿನಿಮಾ ಅಜ್ಜಿ. ಒಬ್ಬ ವಯಸ್ಸಾದ ಹೆಂಗಸು ಓಡೋ ರೈಲಲ್ಲೇ ಕಾಣೆಯಾಗಿದ್ದಾರೆ. ಅಂಥವರು ಇರಲೇ ಇಲ್ಲ ಅಂತ ಬೋಗಿಯೋರೆಲ್ಲ ಹೇಳ್ತಿದ್ದಾರೆ."

"ಆಕಿ ಯಾರ ಕೂಡ ಮಾತಾಡಿದ್ಲು?"

"ಒಂದು ಹುಡುಗಿ ಜೊತೆ. ಇಬ್ಬರೂ ಟೀ ಕುಡಿದಿದ್ದಾರೆ."

"ಬರೇ ಒಬ್ಬಾಕಿ ಕೂಡ?" ಅಜ್ಜಿ ಎದ್ದು ಚಕ್ಕಳಮಕ್ಕಳ ಹಾಕಿ ಕೂತರು. "ಮತ್ತ ಕಳೀಲಾರದ ಏನ್ ಮಾಡ್ತಾಳ?"

ಸಂಶೋಧಕ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ. ಎಂಟು ದಶಕಗಳ ವಿಮರ್ಶೆ ಹೇಳದೆ ಬಿಟ್ಟದ್ದು ಒಂದು ವಾಕ್ಯದಲ್ಲಿ ಬಂದಿತ್ತು. ಆ ಚಿತ್ರದಲ್ಲಿ ಮಿಸ್ ಫ್ರಾಯ್ ಎಂಬ ಹೆಂಗಸು ತನ್ನ ಹೆಸರು ಹೇಳುವಾಗ ರೈಲಿನ ಸದ್ದಿಗೆ ಅದು ಕೇಳಿಸುವುದಿಲ್ಲ. ಕಿಟಕಿಯ ಗಾಜಿನ ಮೇಲೆ ಬೆರಳಿಂದ ಬರೆದು ತೋರಿಸುತ್ತಾಳೆ. ತನ್ನದೇ ಗಿಡಮೂಲಿಕೆ ಟೀ ಪೊಟ್ಟಣ ತೆಗೆದು ಮಾಣಿಗೆ ಕೊಡುತ್ತಾಳೆ. ಆಕೆ ಇದ್ದಳೆಂಬುದಕ್ಕೆ ಉಳಿಯುವ ಸಾಕ್ಷಿ ಇವೆರಡೇ, ಗಾಜಿನ ಮೇಲಿನ ಗೀಟು ಮತ್ತು ಕಸದಲ್ಲಿ ಹಾರಿಹೋಗುವ ಒಂದು ಪೊಟ್ಟಣ. ನಮ್ಮ ಅಜ್ಜಿಯ ಚೀಲದಿಂದ ದಾವಣಗೆರೆಗೆ ಮೊದಲೇ ಶೇಂಗಾ ಹೋಳಿಗೆ ಹೊರಬಂದು ಆರು ಬರ್ತುಗಳಿಗೂ ಹಂಚಿಹೋಗಿತ್ತು. ಮಗಳಿಗೆ ಎರಡನೇ ಬಾಣಂತನ, ಅಳಿಯನಿಗೆ ಬಿಪಿ, ಬೀಗಿತ್ತಿಗೆ ಮಾತು ಜಾಸ್ತಿ ಎಂಬುದು ಟಿ.ಸಿ.ಗೂ ಗೊತ್ತಿತ್ತು. ಆಕೆಯನ್ನು ಅಪಹರಿಸುವ ಗೂಢಚಾರರು ಇಡೀ ಬೋಗಿಯನ್ನೇ ಅಪಹರಿಸಬೇಕಾಗುತ್ತಿತ್ತು.

ಆ ಚಿತ್ರದಲ್ಲಿ ಕ್ರಿಕೆಟ್ ಹುಚ್ಚಿನ ಇಬ್ಬರು ಇಂಗ್ಲಿಷರಿದ್ದಾರೆ. ಮುದುಕಿಯನ್ನು ನೋಡಿದ್ದೇವೆ ಎಂದರೆ ರೈಲು ತಡವಾಗಿ ಟೆಸ್ಟ್ ಪಂದ್ಯ ತಪ್ಪೀತು ಎಂದು ನೋಡೇ ಇಲ್ಲ ಎನ್ನುತ್ತಾರೆ. ಊರು ಮುಟ್ಟಿದಾಗ ಪ್ರವಾಹದಿಂದ ಪಂದ್ಯವೇ ರದ್ದು. ಇದನ್ನು ಹೇಳಿದಾಗ ಅಜ್ಜಿಯ ವಿಮರ್ಶೆ: "ಹಂಗ ಆಗಬೇಕು ಅವರಿಗೆ."

ಹೆಣ ಬೀಳದೆಯೂ ಪ್ರಶ್ನೆ ಕೇಳಬಹುದು ಎಂದು ತೋರಿಸಿದ್ದು ಸತ್ಯಜಿತ್ ರಾಯ್. 'ನಾಯಕ್' (1966) ಚಿತ್ರದ ತಾರೆ ಅರಿಂದಮ್, ಪಾತ್ರದಲ್ಲಿ ಉತ್ತಮ್ ಕುಮಾರ್, ಪ್ರಶಸ್ತಿ ತೆಗೆದುಕೊಳ್ಳಲು ಕಲ್ಕತ್ತೆಯಿಂದ ದೆಹಲಿಗೆ ರೈಲಿನಲ್ಲಿ ಹೊರಟಿದ್ದಾನೆ. ಊಟದ ಬೋಗಿಯಲ್ಲಿ ಶರ್ಮಿಳಾ ಟ್ಯಾಗೋರರ ಅದಿತಿ ಎದುರು ಕೂತು ಕೇಳುತ್ತ ಹೋಗುತ್ತಾಳೆ; ಆಕೆ ಮಹಿಳಾ ಪತ್ರಿಕೆಯೊಂದರ ಸಂಪಾದಕಿ. ಆತ ಯಾರಿಗೂ ಹೇಳದ್ದನ್ನೆಲ್ಲ ಹೇಳಿಬಿಡುತ್ತಾನೆ. ರೈಲಿನಲ್ಲಿ ಹಾಗಾಗುತ್ತದೆ, ಇನ್ನೊಮ್ಮೆ ಸಿಗುವುದಿಲ್ಲ ಎಂಬ ಧೈರ್ಯ. ಬರೆದುಕೊಂಡ ಹಾಳೆಗಳನ್ನು ಅದಿತಿ ಕೊನೆಗೆ ಹರಿದು ನೀರಿನ ಲೋಟಕ್ಕೆ ಹಾಕುತ್ತಾಳೆ. ದೆಹಲಿಯಲ್ಲಿ ಅವನ ಕೊರಳಿಗೆ ಹಾರ, ಅವಳು ಜನರ ನಡುವೆ ನಡೆದುಹೋಗುತ್ತಾಳೆ. ಸಂಶೋಧಕನ ಮಟ್ಟಿಗೆ ರೈಲುಚಿತ್ರಗಳಲ್ಲಿ ಇದಕ್ಕೇ ಕಿಟಕಿ ಪಕ್ಕದ ಸೀಟು. ಪತ್ರಿಕೆಗಳ ಸಂಪಾದಕರು ಮಾತ್ರ ಆ ಲೋಟದ ದೃಶ್ಯವನ್ನು ಕಣ್ಣುಮುಚ್ಚಿ ಕಳೆಯುವುದು ಒಳ್ಳೆಯದು.

ಆಧುನಿಕೋತ್ತರ ಘಟ್ಟದ ಬಗ್ಗೆ ಎರಡು ಮಾತು ಸಾಕು. ಬಾಂಗ್ ಜೂನ್-ಹೋನ 'ಸ್ನೋಪಿಯರ್ಸರ್' (2013) ಚಿತ್ರದ ರೈಲು ನಿಲ್ಲದೆ ಭೂಮಿಯನ್ನೇ ಸುತ್ತುತ್ತದೆ, ಇಳಿಯುವ ಊರೇ ಇಲ್ಲ. 'ಎಲ್ಲಿವರೆಗೆ?' ಎಂಬ ಪ್ರಶ್ನೆ ಅಲ್ಲಿ ಅರ್ಥ ಕಳೆದುಕೊಂಡಿದೆ, ಅದಕ್ಕೇ ಜನ ದಂಗೆಯೇಳುತ್ತಾರೆ. ಹಿಂದಿನ ಬೋಗಿಯವರು ತಿನ್ನುವ ಕಪ್ಪು ಅಚ್ಚನ್ನು ಯಾವುದರಿಂದ ಮಾಡುತ್ತಾರೆಂದು ನಾಯಕ ಇಣುಕಿ ನೋಡಿ ಹುಳುಗಳನ್ನು ಕಾಣುತ್ತಾನೆ. ಅಡುಗೆಯ ಬೋಗಿಗೆ ಇಣುಕಬಾರದೆಂದು ನಮ್ಮ ಹಿರಿಯರು ಯಾವಾಗಲೋ ಹೇಳಿದ್ದರು. 'ಟ್ರೇನ್ ಟು ಬೂಸಾನ್' (2016) ಚಿತ್ರದಲ್ಲಿ ಪಿಶಾಚಿಗಳಿಗಿಂತ ಹೆಚ್ಚು ಹೆದರಿಸುವುದು ಒಳಗಿನವರು ಹೊರಗಿನವರಿಗೆ ಬಾಗಿಲು ತೆರೆಯದಿರುವುದು. ಯುಗಾದಿಯ ಹಿಂದಿನ ರಾತ್ರಿ ರಿಸರ್ವೇಶನ್ ಇಲ್ಲದೆ ಊರಿಗೆ ಹೊರಟವರಿಗೆ ಆ ದೃಶ್ಯದಲ್ಲಿ ಸಬ್‌ಟೈಟಲ್ ಬೇಕಾಗುವುದಿಲ್ಲ.

ಒಂದು ವಿರೋಧಾಭಾಸವನ್ನು ದಾಖಲಿಸಿ ಮುಂದೆ ಹೋಗೋಣ. 'ದಿ ಲೇಡಿ ವ್ಯಾನಿಶಸ್' ರೈಲು ಬಹುತೇಕ ಲಂಡನ್ನಿನ ಇಸ್ಲಿಂಗ್ಟನ್ ಸ್ಟುಡಿಯೋದ ಸೆಟ್ಟು. 'ನಾಯಕ್' ಬೋಗಿಯೂ ಬನ್ಸಿ ಚಂದ್ರಗುಪ್ತ ಕಟ್ಟಿದ ಸೆಟ್ಟೇ. ಅತಿ ಶ್ರೇಷ್ಠ ರೈಲುಗಳು ಒಂದಡಿಯೂ ಮುಂದೆ ಹೋಗಿಲ್ಲ. ವೆಸ್ ಆಂಡರ್ಸನ್ 'ದಿ ಡಾರ್ಜಿಲಿಂಗ್ ಲಿಮಿಟೆಡ್' (2007) ಚಿತ್ರಕ್ಕಾಗಿ ರಾಜಸ್ಥಾನದಲ್ಲಿ ನಿಜವಾದ ರೈಲನ್ನೇ ಓಡಿಸಿದ. ಕಥೆಯಲ್ಲಿ ಅದು ಹಳಿಯ ಮೇಲಿದ್ದೂ ದಾರಿ ತಪ್ಪಿತು.

ಕನ್ನಡದ ಪಾಲೇನು? ನಮ್ಮಲ್ಲಿ ನಿಲ್ದಾಣಕ್ಕೆ ಒಲವು ಹೆಚ್ಚು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಗೆ ಬಳಸಿದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದ ಹಳೆಯ ಕಟ್ಟಡ ಈಗ ಮ್ಯೂಸಿಯಂ. ಪೃಥ್ವಿ ಕೋಣನೂರು ಅವರ 'ರೈಲ್ವೇ ಚಿಲ್ಡ್ರನ್' (2016) ಪ್ಲಾಟ್‌ಫಾರ್ಮಿನ ಮಕ್ಕಳ ಕಥೆ. ಬೋಗಿಯಲ್ಲೇ ಉಳಿಯುವ ಚಿತ್ರ ಮಾತ್ರ ಕಡಿಮೆ. ಇದಕ್ಕೆ ಭೌಗೋಳಿಕ ಕಾರಣವಿದೆ ಎಂಬುದು ಸಂಶೋಧಕನ ಊಹೆ: ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಮದ್ದೂರು ಬರುತ್ತದೆ. ವಡೆಯ ಬುಟ್ಟಿ ಬೋಗಿಗೆ ಹತ್ತಿದ ಮೇಲೆ ಯಾವ ಕೊಲೆಗಾರನಿಗೂ ಏಕಾಗ್ರತೆ ಉಳಿಯುವುದಿಲ್ಲ.

ಅಧ್ಯಯನದ ಎರಡನೆಯ ಸಂಪುಟಕ್ಕೆ ಸಂಶೋಧಕ ಬರುವ ತಿಂಗಳು ಮತ್ತೆ ಅದೇ ರಾತ್ರಿ ರೈಲಿನಲ್ಲಿ ಹೊರಟಿದ್ದಾನೆ. ಈ ಸಲ ಟಿಕೆಟ್ ಕನ್ಫರ್ಮ್ ಆಗಿದೆ, ಅಪ್ಪರ್ ಬರ್ತು. ಓದುಗರಲ್ಲಿ ಯಾರಿಗಾದರೂ ಅದೇ ಬೋಗಿಯಲ್ಲಿ ಲೋವರ್ ಸಿಕ್ಕಿದ್ದರೆ ದಯವಿಟ್ಟು ಬದಲಾಯಿಸಿಕೊಳ್ಳಿ. ಮಂಡಿನೋವಿದೆ.