ಬೋರ್ ಆಗುವವರು, ಬೋರ್ ಮಾಡುವವರು

ಕನ್ನಡದಲ್ಲಿ ಭಾವನೆ ಹೊರಗಿನಿಂದ ಬಂದು ಮೈಮೇಲೆ ಬೀಳುತ್ತದೆ. ಸಿಟ್ಟು ಬರುತ್ತದೆ, ಬೇಸರ ಆಗುತ್ತದೆ, ನಾಚಿಕೆಯೂ ಆಗುತ್ತದೆ. ಮನುಷ್ಯ 'ನನಗೆ' ಎಂದು ನಾಲ್ಕನೇ ವಿಭಕ್ತಿಯಲ್ಲಿ ಆರಾಮಾಗಿ ಕೂತಿರುತ್ತಾನೆ. ಇಂಗ್ಲಿಷಿನಲ್ಲಿ ಹಾಗಿಲ್ಲ, 'ಐ' ಎಂದು ಎದ್ದು ನಿಂತು ಜವಾಬ್ದಾರಿ ಹೊರಬೇಕು. ಎಡವಟ್ಟು ಶುರುವಾಗುವುದೇ ಅಲ್ಲಿ.

ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಂಥ ಊರಿನ ಕಟ್ಟೆಯ ಮೇಲೆ 'ಬ್ಯಾಸರಾಗೇತಿ' ಎಂದರೆ ಮಾತು ಮುಗಿಯಿತು. ಅದನ್ನೇ ಸಂದರ್ಶನದಲ್ಲಿ 'ಐ ಆಮ್ ಬೋರಿಂಗ್' ಎಂದರೆ, 'ನಾನೇ ಬೇಸರ ತರಿಸುವ ಆಸಾಮಿ' ಎಂದು ಅಭ್ಯರ್ಥಿ ಸ್ವತಃ ಒಪ್ಪಿಕೊಂಡಂತೆ. ಬೇಸರ ಆದವನು 'ಬೋರ್ಡ್', ತರಿಸುವವನು 'ಬೋರಿಂಗ್'. 'ಎಕ್ಸೈಟೆಡ್', 'ಎಕ್ಸೈಟಿಂಗ್' ಜೋಡಿಯದೂ ಇದೇ ಲೆಕ್ಕ. (ಈ ಸೀಮೆಯಲ್ಲಿ ಬೋರಿಂಗ್ ಎಂದರೆ ಹೊಲದಲ್ಲಿ ಕೊರೆಸುವ ಕೊಳವೆಬಾವಿ ಎಂಬುದು ಬೇರೆ ಮಾತು. ಅದು ಫೇಲಾದರೆ ಆಗುವ ಸಂಕಟಕ್ಕೆ ಇಂಗ್ಲಿಷ್ ಸಾಲದು.)

ಬದುಕಿನ ದೊಡ್ಡ ಘಟನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಭಾರತದಲ್ಲಿ 'ಪಾಸ್ಡ್ ಔಟ್' ಎಂದರೆ ಡಿಗ್ರಿ ಮುಗಿಸಿದ್ದು. ಲಂಡನ್ನಿನವರ ಕಿವಿಗೆ ಅದು ಮೂರ್ಛೆ ಹೋದದ್ದು. 'ಔಟ್' ಬದಲು 'ಅವೇ' ಬಂದರೆ ಆಸಾಮಿಯೇ ಇಲ್ಲ. ತೀರಿಕೊಂಡ ಅಜ್ಜನನ್ನು 'ಎಕ್ಸ್‌ಪೈರ್ ಆದ್ರು' ಎನ್ನುವ ರೂಢಿಯಂತೂ ಕೆಮ್ಮಿನ ಔಷಧದ ಬಾಟಲಿಯನ್ನು ನೆನಪಿಸುತ್ತದೆ.

'ಫೀಲ್ ಮಾಡ್ಕೋಬೇಡ' ಮಾತ್ರ ಅಪ್ಪಟ ಕನ್ನಡ. ಇಂಗ್ಲಿಷಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕು.